ಮೈಯೊಳಗಿನ ಎರಡನೇ ಗೇಟ್ ಕಾಯುವುದು ಹೇಗೆ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿ ಹೋಯಿತಲ್ಲ, ಆ ವಾರ ಕೊಪ್ಪಳದಿಂದ ರಾಯಚೂರಿನ ತನಕ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಇದ್ದ 33 ಗೇಟಿನಲ್ಲಿ ಹೋಗಿದ್ದು ಒಂದೇ. ಆದರೆ ಅಲ್ಲಿಗೆ ಇಳಿಸಲು ಸ್ಟಾಪ್‌ಲಾಗ್, ಅಂದರೆ ಗೇಟ್ ಬದಲಿಗೆ ನೀರು ತಡೆಯುವ ಅಡ್ಡತಡೆ, ರೆಡಿ ಇರಲಿಲ್ಲ, ಹೊಸದು ಮಾಡಿಸಿ ಕೂರಿಸುವಷ್ಟರಲ್ಲಿ ನೀರು ಹೊಳೆಪಾಲು.

ಮೈಯಲ್ಲೂ ಇಂಥ ಗೇಟುಗಳಿವೆ. ಟ್ಯೂಮರ್ ಸಪ್ರೆಸರ್ ಜೀನ್ ಅಂತಾರೆ, ಗಡ್ಡೆ ತಡೆಯುವ ಜೀನ್ ಅಂದುಕೊಳ್ಳಿ. ಇಲ್ಲಿ ಸ್ಟಾಪ್‌ಲಾಗ್ ಹುಟ್ಟುವಾಗಲೇ ಬಂದಿರುತ್ತದೆ: ಒಂದು ಕಾಪಿ ಅವ್ವನಿಂದ, ಇನ್ನೊಂದು ಅಪ್ಪನಿಂದ. ಒಂದು ಕೆಟ್ಟರೂ ಇನ್ನೊಂದು ಸಾಮಾನ್ಯವಾಗಿ ತಡೆಯುತ್ತದೆ, ಮೈಯ ಒಂದೇ ಜೀವಕಣದಲ್ಲಿ ಎರಡೂ ಹೋದಾಗ ತೊಂದರೆ ಶುರು. ಆಲ್ಫ್ರೆಡ್ ನುಡ್ಸನ್ ಎಂಬ ಡಾಕ್ಟರ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರಿನ 48 ಕೇಸು ಮುಂದಿಟ್ಟುಕೊಂಡು ಬರೀ ಲೆಕ್ಕದಿಂದ ಇದನ್ನು ಊಹಿಸಿದರು. ಆ ಕ್ಯಾನ್ಸರಿನ ಹಿಂದಿನ ಜೀನ್, ಆರ್‌ಬಿ, ಕೈಗೆ ಸಿಕ್ಕಿದ್ದು 1986ರಲ್ಲಿ!

ಈ ಕಾವಲುಗಾರರಲ್ಲಿ ದೊಡ್ಡವನು ಪಿ53. ಕಣದ ಡಿಎನ್‌ಎಗೆ ಏಟು ಬಿದ್ದರೆ ಇವನು ಕಣ ಒಡೆದು ಎರಡಾಗುವುದನ್ನು ನಿಲ್ಲಿಸಿ, ರಿಪೇರಿಗೆ ಟೈಮ್ ಕೊಟ್ಟು, ರಿಪೇರಿ ಆಗಲ್ಲ ಅಂದರೆ ಆ ಕಣವೇ ಸಾಯುವಂತೆ ಮಾಡುತ್ತಾನೆ. ಹೆಚ್ಚೂಕಡಿಮೆ ಅರ್ಧ ಕ್ಯಾನ್ಸರುಗಳಲ್ಲಿ ಕೆಟ್ಟಿರುವುದು ಇವನೇ. ಇವನದು ಇನ್ನೊಂದು ಕಿರಿಕಿರಿ ಇದೆ, ಕೆಟ್ಟ ಕಾಪಿ ಕೆಲವು ಸಲ ಒಳ್ಳೆಯದನ್ನೂ ಕೆಲಸ ಮಾಡಲು ಬಿಡಲ್ಲ. ನಮಗೆ ಒಂದು ಜೊತೆ, ಆನೆಗೆ 20 ಜೊತೆ. ಅಷ್ಟು ದೊಡ್ಡ ಮೈ ಇದ್ದೂ ಆನೆಗೆ ಕ್ಯಾನ್ಸರ್ ಕಡಿಮೆ. ಹಂಪಿಯ ಗುಡಿ ಆನೆ ಕಂಡಾಗೆಲ್ಲ ನನಗೆ ಇದೇ ನೆನಪು.

ಸರಿ, ಮಾಡೋದೇನು?

ಮೊದಲು ಒಂದು ಹಾಳೆ ತಗೊಂಡು ಮನೆತನದ ನಕ್ಷೆ ಬರೆಯಿರಿ. ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ. ವಯಸ್ಸು ಮುಖ್ಯ, ಯಾಕಂದರೆ ಹುಟ್ಟಿನಿಂದಲೇ ಒಂದು ಗೇಟ್ ಕೆಟ್ಟವರಿಗೆ ರೋಗ ಬೇಗ ಬರುತ್ತದೆ. ನಮ್ಮ ಕಡೆ ಹಿರಿಯರು ಆ ಹೆಸರೇ ಎತ್ತಲ್ಲ. "ಗಡ್ಡಿ ಆಗಿತ್ತಂತ", "ಊಟ ಇಳೀತಿರಲಿಲ್ಲ" ಅಂತ ಹೇಳಿ ಸುಮ್ಮನಾಗುತ್ತಾರೆ, ಅದನ್ನೇ ಬರೆದುಕೊಳ್ಳಿ. ಸ್ತನ ಕ್ಯಾನ್ಸರ್ ಅಂದರೆ ತಾಯಿ ಕಡೆ ಮಾತ್ರ ಕೇಳುವುದು ತಪ್ಪು. ಡಿಎನ್‌ಎ ರಿಪೇರಿ ಮಾಡುವ ಬಿಆರ್‌ಸಿಎ ಜೀನಿನ ಕೆಟ್ಟ ಕಾಪಿ ಅಪ್ಪನಿಂದಲೂ ಬರುತ್ತದೆ, ಪ್ರತಿ ಮಗುವಿಗೂ ಅರ್ಧಕ್ಕರ್ಧ ಚಾನ್ಸ್. ಸೋದರಮಾವನಿಗೆ ಕೊಟ್ಟ ಮನೆಗಳಲ್ಲಿ ಎರಡೂ ಕಡೆ ಒಂದೇ ಆಗಿ ನಕ್ಷೆ ಗೋಜಲಾಗುತ್ತದೆ, ಇರಲಿ ಬಿಡಿ, ಡಾಕ್ಟರಿಗೆ ಅರ್ಥವಾಗುತ್ತದೆ.

ಗಾಬರಿ ಬೇಡ. ಹೀಗೆ ವಂಶದಲ್ಲಿ ಬರುವುದು 100ರಲ್ಲಿ 5ರಿಂದ 10 ಕ್ಯಾನ್ಸರ್ ಮಾತ್ರ. ನಕ್ಷೆಯಲ್ಲಿ ಒಂದೇ ಕಡೆ ಎರಡು ಮೂರು ಜನ, ಅದೂ 50 ದಾಟುವ ಮೊದಲೇ ಇದ್ದರೆ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿ ಜೀನ್ ಟೆಸ್ಟ್ ಬೇಕಾ ಅಂತ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ಕಲಬುರಗಿಯಲ್ಲೂ ಇದೆ. ಟೆಸ್ಟ್ ಮೊದಲು ಮಾಡಿಸಬೇಕಾದ್ದು ರೋಗ ಬಂದವರಿಗೆ, ಆಮೇಲೆ ನಿಮಗೆ. ಉಲ್ಟಾ ಮಾಡಿದರೆ ದುಡ್ಡು ಹೋಗಿ, ಬಂದ ಉತ್ತರವೂ ಗಟ್ಟಿ ಇರಲ್ಲ. ಇನ್ನು, ಫ್ಲ್ಯಾಶ್ ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಅದು ಮೇಲೆ ಹೇಳಿದ ಕಣ್ಣಿನ ಕ್ಯಾನ್ಸರಿನ ಗುರುತಿರಬಹುದು, ಜಾತ್ರೆ ಮುಗಿಯಲಿ ಅಂತ ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಓಡಿ.

ಉಳಿದ ಗೇಟನ್ನು ನಾವೇ ಒಡೆಯದಿರುವುದು ಮುಂದಿನ ಕೆಲಸ. ಬೀಡಿ ಸಿಗರೇಟಿನ ಹೊಗೆ ಪಿ53ಗೇ ಏಟು ಕೊಡುತ್ತದೆ. ಗುಟ್ಕಾ ಬಗ್ಗೆ ಬೇರೆ ಹೇಳಬೇಕಾ? ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಈ ಕಾವಲು ಜೀನುಗಳನ್ನು ಕೆಡಿಸುವ ಗೋಜಿಗೆ ಹೋಗದೆ, ಅವು ತಯಾರಿಸುವ ಪಿ53 ಮತ್ತು ಆರ್‌ಬಿ ಪ್ರೋಟೀನ್ ಎರಡನ್ನೂ ಕಟ್ಟಿಹಾಕುತ್ತದೆ. ಹುಡುಗಿಯರಿಗೆ 9ರಿಂದ 14 ವಯಸ್ಸಿನೊಳಗೆ ಲಸಿಕೆ ಹಾಕಿಸಿ, 30 ದಾಟಿದ ಹೆಂಗಸರು ತಪಾಸಣೆ ಮಾಡಿಸಿ.

ಕೊನೆಗೆ ಶೇಂಗಾ. ಕುಷ್ಟಗಿ, ಯಲಬುರ್ಗಾ ಕಡೆಯವರು ಬೈಯಬೇಡಿ, ನಾನೂ ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಮುಟ್ಟದವನೇ. ಹಸಿ ಇದ್ದಾಗಲೇ ಚೀಲಕ್ಕೆ ತುಂಬಿದರೆ ಹಸಿರು ಬೂಷ್ಟು ಬರುತ್ತದೆ, ಅದರ ಅಫ್ಲಾಟಾಕ್ಸಿನ್ ವಿಷ ಲಿವರಿನಲ್ಲಿ ಪಿ53 ಜೀನಿನ ಒಂದು ಗೊತ್ತಾದ ಜಾಗಕ್ಕೇ ಹೊಡೆಯುತ್ತದೆ. ಹೆಪಟೈಟಿಸ್ ಬಿ ಇದ್ದವರಿಗಂತೂ ಇನ್ನೂ ಜಾಸ್ತಿ. ಕಾಯಿ ಅಲುಗಿಸಿದರೆ ಗಲಗಲ ಅನ್ನುವ ತನಕ ಒಣಗಿಸಿ. ಕರಿದಾದ, ಸುಕ್ಕಾದ, ಬೂಷ್ಟು ಹಿಡಿದ ಕಾಳು ಆರಿಸಿ ತೆಗೆಯಿರಿ, ಹುರಿದರೆ ವಿಷ ಪೂರ್ತಿ ಹೋಗಲ್ಲ. ಕಹಿ ಹತ್ತಿತಾ, ಉಗುಳಿ. ಹಾಳಾಗಲಿ ಬಿಡು ಅಂತ ಅದನ್ನು ಎಮ್ಮೆಗೂ ಹಾಕಬೇಡಿ, ಹಾಲಿನಲ್ಲಿ ಬಂದು ನಾಳೆ ನಿಮ್ಮ ಚಹಾಕ್ಕೇ ಸೇರುತ್ತದೆ, ಕುದಿಸಿದರೂ ಹೋಗಲ್ಲ.