ಘಟ್ಟ ಇಳಿಯುವವರಿಗೆ ನಾನು ಬರೆದುಕೊಡುವ ಚೀಟಿ

ಕೊಡಗಿನ ನಾಪೋಕ್ಲು ಕಡೆ, ಕಾಫಿ ತೋಟದ ನಡುವೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬಂದ ಅತಿಥಿಗಳಲ್ಲಿ ಬಹಳಷ್ಟು ಜನ ಎರಡು ರಾತ್ರಿ ಉಳಿದು, ಇಲ್ಲಿಂದ ನೇರ ಸಮುದ್ರದ ಕಡೆ ಹೊರಡುತ್ತಾರೆ. ಹೊರಡುವ ಹಿಂದಿನ ರಾತ್ರಿ, ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಸಾರು) ಉಂಡು ಕೂತಾಗ ಎಲ್ಲರೂ ಕೇಳುವುದು ಒಂದೇ: ಕೆಳಗೆ ಎಲ್ಲಿ ಊಟ ಮಾಡಬೇಕು, ಎಲ್ಲಿ ಉಳಿದುಕೊಳ್ಳಬೇಕು? ಈ ಪ್ರಶ್ನೆಗೆ ಬಾಯಿಗೆ ಬಂದ ಹೆಸರು ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಮನೆಯಲ್ಲಿ ಉಂಡವರು ಮಾರನೇ ದಿನ ಎಲ್ಲೋ ಹಳಸಿದ ಮೀನು ತಿಂದರೆ ಅದು ನನಗೂ ಸೇರಿದ ವಿಷಯ. ಹಾಗಾಗಿ ಒಂದು ಚೀಟಿ ಬರೆದುಕೊಡುತ್ತೇನೆ. ನಾನು ಉಣ್ಣದ ಹೋಟೆಲು, ನಾನು ಮಲಗದ ಕೋಣೆ ಅದರಲ್ಲಿ ಇರುವುದಿಲ್ಲ.

ಚೀಟಿ ಬರೆಯುವ ಮೊದಲು ಎರಡು ವಿಷಯ ಕೇಳಿಕೊಳ್ಳುತ್ತೇನೆ. ಯಾವ ಘಟ್ಟ ಇಳಿಯುತ್ತೀರಿ, ಯಾವ ಹೊತ್ತಿಗೆ ಅಲ್ಲಿ ಮುಟ್ಟುತ್ತೀರಿ? ಮಡಿಕೇರಿಯಿಂದ ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಹೋದರೆ ಒಂದು ಊಟ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾಟಿ ಕಣ್ಣೂರು, ತಲಶ್ಶೇರಿಗೆ ಹೋದರೆ ಇನ್ನೊಂದು ಊಟ. ಸಮುದ್ರ ಅದೇ ಆದರೂ ಬಟ್ಟಲಿಗೆ ಬರುವುದು ಬೇರೆಯೇ. ಹೊತ್ತು ಯಾಕೆ ಕೇಳುತ್ತೇನೆಂದರೆ, ಕರಾವಳಿಯ ಒಳ್ಳೆಯ ಊಟ ಗಡಿಯಾರ ನೋಡಿಕೊಂಡೇ ಬರುತ್ತದೆ. ಮಂಗಳೂರು ಬನ್ಸ್ ಬೆಳಿಗ್ಗೆಯದ್ದು, ಮೀನೂಟ ಮಧ್ಯಾಹ್ನದ್ದು, ಗೋಳಿಬಜೆ ಸಂಜೆಯದ್ದು. ಮೂರು ಗಂಟೆಗೆ ಹೋಗಿ ಮೀನೂಟ ಕೇಳಿದರೆ ಸಾರಿನ ತಳ ಸಿಗುತ್ತದೆ. ಮಡಿಕೇರಿಯಿಂದ ಮಂಗಳೂರಿಗೆ ಸುಮಾರು 140 ಕಿಲೋಮೀಟರ್, ತಿರುವುಗಳ ದಾರಿ. ಏಳು ಗಂಟೆಗೆ ಮುಂಚೆ ಹೊರಟರೆ ಹನ್ನೆರಡೂವರೆಗೆ ನೆಮ್ಮದಿಯಾಗಿ ಎಲೆ ಮುಂದೆ ಕೂರಬಹುದು.

ನಾನು ಸ್ವತಃ ಹೋಗಿ ನೋಡಿಕೊಂಡು ಬರುವುದು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಮುಗಿದ ಮೇಲೆ, ಕಾಫಿ ಕುಯ್ಲು ಶುರುವಾಗುವ ಮುಂಚೆ. ಅದು ನಮಗೆ ಬಿಡುವು, ಕಡಲಿಗೆ ಸುಗ್ಗಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಬೆಳೆಯುವ ಕಾಲವದು. ಆಗಸ್ಟಿನಲ್ಲಿ ದೋಣಿ ಇಳಿದು, ಅಕ್ಟೋಬರ್ ಹೊತ್ತಿಗೆ ಬಂಗುಡೆ, ಬೂತಾಯಿ ರಾಶಿ ರಾಶಿ ಬರುತ್ತವೆ. ಮಳೆಗಾಲ ಕಳೆದ ಬೂತಾಯಿಗೆ ಕೊಬ್ಬು ಕೂಡಿರುತ್ತದೆ. ತವಾದ ಮೇಲೆ ಇಟ್ಟರೆ ಅದರ ಎಣ್ಣೆಯೇ ಹೊರಗೆ ಬರುತ್ತದೆ. ಅಂಜಲ್, ಪಾಂಪ್ಲೆಟ್ ಎಂದು ದುಡ್ಡು ಸುರಿಯುವವರಿಗೆ ನಾನು ಹೇಳುವುದಿಷ್ಟೇ: ಆ ತಿಂಗಳಲ್ಲಿ ಬೂತಾಯಿ ಪುಳಿಮುಂಚಿಯನ್ನು (ಹುಳಿ, ಖಾರದ ಸಾರು) ಕುಚಲಕ್ಕಿ ಅನ್ನದ ಜೊತೆ ಉಂಡು ನೋಡಿ. ಅಗ್ಗದ ಮೀನೇ ಅಲ್ಲಿ ಅತಿ ತಾಜಾ ಮೀನು.

ಹೊಸ ಊರಿಗೆ ಹೋದರೆ ನಾನು ಮೊದಲು ಹೋಗುವುದು ಬಂದರಿಗೆ. ಮಂಗಳೂರಲ್ಲಾದರೆ ದಕ್ಕೆ, ಉಡುಪಿಯಲ್ಲಾದರೆ ಮಲ್ಪೆ. ಬೆಳಗಿನ ಹರಾಜು ಮುಗಿಯುವ ಹೊತ್ತಿಗೆ ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸರನ್ನು ಮಾತಾಡಿಸುತ್ತೇನೆ. ಇವತ್ತು ಯಾವ ಮೀನು ಜಾಸ್ತಿ ಬಂತು, ಯಾವ ಹೋಟೆಲಿನವರು ನಿಮ್ಮ ಹತ್ತಿರ ತೆಗೆದುಕೊಳ್ಳುತ್ತಾರೆ? ಇಷ್ಟು ಕೇಳಿದರೆ ಸಾಕು. ಹಣ ಕೊಟ್ಟು ಮೀನು ಕೊಳ್ಳುವವರ ಪಟ್ಟಿ ಅವರ ನಾಲಿಗೆ ತುದಿಯಲ್ಲಿರುತ್ತದೆ.

ಮಂಗಳೂರಿನ ಬಂದರ್ ಪ್ರದೇಶದ ನಾರಾಯಣ ಹೋಟೆಲು ನನ್ನ ಚೀಟಿಯಲ್ಲಿ ಮೊದಲಿರುವುದು ಈ ಕಾರಣಕ್ಕೇ. ಜಾಗ ಇಕ್ಕಟ್ಟು, ಜನ ತುಂಬಾ. ಆದರೆ ಮಸಾಲೆ ಹಚ್ಚಿದ ಹಸಿ ಮೀನನ್ನು ತಟ್ಟೆಯಲ್ಲಿ ನಿಮ್ಮ ಮುಂದೆ ತರುತ್ತಾರೆ. ನೋಡಿ, ಬೊಟ್ಟು ತೋರಿಸಿ ಆರಿಸಿದ ಮೀನು ತವಾಕ್ಕೆ ಹೋಗುತ್ತದೆ. ಆ ತಟ್ಟೆ ಬಂದಾಗ ಅವಸರ ಮಾಡಬೇಡಿ. ಇಡೀ ಮೀನಾದರೆ ಕಣ್ಣು ಉಬ್ಬಿರಬೇಕು, ಗುಳಿ ಬಿದ್ದಿರಬಾರದು. ತುಂಡಾದರೆ ಅಂಚು ನೋಡಿ: ಮಾಂಸ ಬಿಗಿಯಾಗಿ ಮುಳ್ಳಿಗೆ ಕಚ್ಚಿಕೊಂಡಿದ್ದರೆ ಒಳ್ಳೆಯದು, ಎಸಳೆಸಳಾಗಿ ಬಿಟ್ಟುಕೊಂಡಿದ್ದರೆ ಐಸಿನಲ್ಲಿ ಬಹಳ ದಿನ ಇದ್ದದ್ದು. ಕಾಣೆ ಮೀನು ಸಿಕ್ಕಿದರೆ ರವಾ ಫ್ರೈ, ಬಂಗುಡೆ ಸಿಕ್ಕಿದರೆ ತವಾ ಫ್ರೈ. ಬಂಗುಡೆಗೆ ರವೆ ಹಚ್ಚಿದರೆ ಅದರ ರುಚಿ ರವೆಯ ಅಡಿಗೆ ಹೋಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊಡಗಿನವರು ಮಂಗಳೂರಿಗೆ ಹೋದರೆ ತಪ್ಪದೆ ಹುಡುಕಬೇಕಾದದ್ದು ಕ್ರೈಸ್ತರ ಮನೆಗಳ ಡುಕ್ರಾ ಮಾಸ್, ಅಂದರೆ ಹಂದಿ ಮಾಂಸದ ಅಡುಗೆ. ನಮ್ಮ ಪಂದಿ ಕರಿ ಹುರಿದ ಮಸಾಲೆಯಲ್ಲಿ ಕಪ್ಪಗಾಗಿ, ಕೊನೆಯಲ್ಲಿ ಕಾಚಂಪುಳಿಯ ಕಪ್ಪು ಹುಳಿ ಬಿದ್ದು ಮುಗಿಯುತ್ತದೆ. ಅವರದ್ದು ಕೆಂಪು ಮೆಣಸಿನ ಬಫಾತ್ ಪುಡಿ, ವಿನೆಗರ್, ಈರುಳ್ಳಿ ಸೇರಿ ಬೇರೆ ದಾರಿ ಹಿಡಿಯುತ್ತದೆ. ನಾವು ಕಡಂಬುಟ್ಟು ಇಡುವ ಜಾಗದಲ್ಲಿ ಅವರು ಹುದುಗು ಬಂದ ಮೆತ್ತನೆ ಸನ್ನ ಇಡುತ್ತಾರೆ. ಎರಡರಲ್ಲೂ ಹುಳಿಯೇ ಕೊಬ್ಬನ್ನು ಹಿಡಿದು ನಿಲ್ಲಿಸುವುದು. ಆದ್ದರಿಂದ ಉಳಿಯುವುದಕ್ಕೆ ಬಲ್ಮಟ್ಟ, ಬೆಂದೂರು ಕಡೆ ಕ್ರೈಸ್ತ ಕುಟುಂಬದ ಮನೆ ಸಿಕ್ಕಿದರೆ, ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಿ ಎನ್ನುತ್ತೇನೆ. ಈ ಅಡುಗೆ ಮಾಡಿದ ದಿನಕ್ಕಿಂತ ಮಾರನೇ ದಿನ ರುಚಿ.

ಮಾಂಸ ತಿನ್ನದವರಿಗೆ ಉಡುಪಿ. ರಥಬೀದಿ ಪಕ್ಕದ ಮಿತ್ರ ಸಮಾಜ ಹೋಟೆಲಿನಲ್ಲಿ ಬನ್ಸ್, ಮಸಾಲೆ ದೋಸೆ, ಕೃಷ್ಣ ಮಠದಲ್ಲಿ ಮಧ್ಯಾಹ್ನದ ಪ್ರಸಾದದ ಊಟ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗೆ ಬಂದಿಲ್ಲ. ಮುಂದೆ ಗೋಕರ್ಣಕ್ಕೆ ಹೋಗುವವರಿಗೆ ದಾರಿಯಲ್ಲಿ ಕುಂದಾಪುರದ ಶೆಟ್ಟಿ ಲಂಚ್ ಹೋಮ್‌ನ ಚಿಕನ್ ಘೀ ರೋಸ್ಟ್, ಭಟ್ಕಳದಲ್ಲಿ ನವಾಯತ ಮುಸ್ಲಿಮರ ಶಾವಿಗೆ ಬಿರಿಯಾನಿ ಬರೆಯುತ್ತೇನೆ. ಮಂಗಳೂರಲ್ಲಿ ಮಕ್ಕಳಿದ್ದರೆ 1975ರಿಂದ ನಡೆಯುತ್ತಿರುವ ಐಡಿಯಲ್ ಐಸ್‌ಕ್ರೀಮ್‌ನ ಗಡ್‌ಬಡ್.

ಮಾಕುಟ್ಟ ದಾರಿ ಹಿಡಿದವರ ಚೀಟಿ ಬೇರೆ. ತಲಶ್ಶೇರಿ ನಮಗೆ ಹೊಸ ಊರಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಕೊಡಗಿನ ಕಾಫಿ ಹಡಗು ಹತ್ತುತ್ತಿದ್ದ ಬಂದರುಗಳಲ್ಲಿ ಅದೂ ಒಂದು. ಬೇಕರಿಯ ಮಾಂಬಳ್ಳಿ ಬಾಪು 1883ರಲ್ಲಿ ಕ್ರಿಸ್‌ಮಸ್ ಕೇಕ್ ಬೇಯಿಸಿದ್ದು ಅಲ್ಲೇ, ಅದನ್ನು ಮಾಡಿಸಿದವನೂ ಒಬ್ಬ ತೋಟದ ದೊರೆ. ಆ ಊರಲ್ಲಿ ಬೇಕರಿಗೆ ಹೋಗದೆ ಬರಬೇಡಿ. ಬಿರಿಯಾನಿ ಅಲ್ಲಿ ಬಾಸ್ಮತಿಯದ್ದಲ್ಲ, ಸಣ್ಣ ಕಾಳಿನ ಕೈಮ ಅಕ್ಕಿಯದ್ದು. ಅನ್ನ, ಮಸಾಲೆ ಬೇರೆ ಬೇರೆ ಬೆಂದು ಕೊನೆಗೆ ದಮ್‌ನಲ್ಲಿ ಒಂದಾಗುತ್ತವೆ. ಸಂಜೆ ಚಹಾದ ಹೊತ್ತಿಗೆ, ಚಿಪ್ಪಿನೊಳಗೆ ಅಕ್ಕಿ, ತೆಂಗಿನ ಹಿಟ್ಟು ತುಂಬಿ ಬೇಯಿಸಿ ಹುರಿದ ಕಲ್ಲುಮ್ಮಕಾಯ ಎಂಬ ಕಡಲ ಚಿಪ್ಪುಮೀನು ಕೇಳಿ. ಮೀನು ಸಾರಿಗೆ ಅಲ್ಲಿ ಹಾಕುವ ಕೊಡಂಪುಳಿಯೂ ನಮ್ಮ ಕಾಚಂಪುಳಿಯೂ ಒಂದೇ ಮರದ ಹಣ್ಣಿನವು. ಅವರು ಸಿಪ್ಪೆ ಒಣಗಿಸುತ್ತಾರೆ, ನಾವು ರಸ ಕುದಿಸಿ ಕಪ್ಪು ಮಾಡಿಕೊಳ್ಳುತ್ತೇವೆ. ಇದು ಹೇಳಿದರೆ ಅತಿಥಿಗಳು ಆ ಸಾರನ್ನು ಬೇರೆ ಗಮನದಿಂದ ಉಣ್ಣುತ್ತಾರೆ.

ಕುಡಿಯುವುದರ ಬಗ್ಗೆ ಕೇಳುವವರೂ ಇದ್ದಾರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಪರವಾನಗಿ ಇರುವ ಶೇಂದಿ ಅಂಗಡಿಗಳಿವೆ, ಕೇರಳದಲ್ಲಿ ಕಳ್ಳು ಶಾಪು. ಬೆಳಿಗ್ಗೆ ಇಳಿಸಿದ್ದು ಸಿಹಿ, ಹೊತ್ತೇರಿದಂತೆ ಹುಳಿ ಏರುತ್ತದೆ, ಅಮಲೂ ಏರುತ್ತದೆ. ಹನ್ನೊಂದರ ಒಳಗೆ ಹೋಗಿ, ಗಾಡಿ ಓಡಿಸುವವರು ಮುಟ್ಟಬೇಡಿ. ಕೇರಳದಲ್ಲಿ ತಿಂಗಳ 1ನೇ ತಾರೀಕು ಮದ್ಯದಂಗಡಿ ಬಾಗಿಲು ಹಾಕಿರುತ್ತದೆ ಎಂಬುದನ್ನೂ ಬರೆಯುತ್ತೇನೆ. ನನ್ನನ್ನು ಕೇಳಿದರೆ, ಘಟ್ಟದ ತಂಪಿನಿಂದ ಆ ಸೆಕೆಗೆ ಇಳಿದವರಿಗೆ ಮೊದಲು ಬೇಕಾದದ್ದು ಒಂದು ಬೊಂಡ (ಎಳನೀರು), ಮಧ್ಯಾಹ್ನಕ್ಕೆ ಪುನರ್ಪುಳಿ ಶರಬತ್ತು.

ಈಗ ಕೋಣೆ. ಹೋಂಸ್ಟೇ ನಡೆಸುವವಳಾಗಿ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಒಳಗೆ ಹೋದವಳೇ ನಲ್ಲಿ ತಿರುಗಿಸಿ ಕೈಗೆ ಸೋಪು ಹಚ್ಚುತ್ತೇನೆ. ಸಮುದ್ರದ ಪಕ್ಕದ ಬಾವಿ, ಬೋರ್‌ವೆಲ್‌ಗಳಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗುತ್ತದೆ. ನೊರೆ ಬರದಿದ್ದರೆ ಸ್ನಾನವೂ ಇಲ್ಲ, ಆ ನೀರಲ್ಲಿ ಕಾಸಿದ ಚಹಾವೂ ಬಾಯಿಗೆ ಹತ್ತುವುದಿಲ್ಲ. ಆಮೇಲೆ ಮಂಚದ ಹಿಂದಿನ ಗೋಡೆಗೆ ಅಂಗೈ ಒತ್ತುತ್ತೇನೆ, ದಿಂಬು ಮೂಸುತ್ತೇನೆ. ತೇವ ಹಿಡಿದ ಹತ್ತಿಯ ವಾಸನೆ ಎಷ್ಟು ಸುಗಂಧ ಹೊಡೆದರೂ ಮುಚ್ಚುವುದಿಲ್ಲ.

ಕಿಟಕಿಯ ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ನಮ್ಮ ಕರಾವಳಿಯಲ್ಲಿ ಸಮುದ್ರದ ಕಡೆ ಎಂದರೆ ಪಡುವಣ. ಸಮುದ್ರಕ್ಕೆ ಮುಖ ಮಾಡಿದ ಕೋಣೆ ಮಧ್ಯಾಹ್ನದಿಂದ ಸೂರ್ಯ ಮುಳುಗುವ ತನಕ ಬಿಸಿಲಲ್ಲಿ ಬೇಯುತ್ತದೆ, ಗೋಡೆಯ ಕಾವು ರಾತ್ರಿ ಬಿಡುತ್ತದೆ. ಹಗಲು ಗಾಳಿ ಕಡಲಿಂದ ನೆಲಕ್ಕೆ ಬೀಸಿದರೆ, ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಾಗಾಗಿ ಕಡಲ ಕಡೆ ಒಂದೇ ಕಿಟಕಿ ಇರುವ ಕೋಣೆಗೆ ಮಲಗುವ ಹೊತ್ತಲ್ಲಿ ಗಾಳಿಯೇ ಇಲ್ಲ. ಎರಡು ಕಡೆ ಕಿಟಕಿ, ಹೆಂಚಿನ ಮಾಡು, ಮುಂದೆ ಎರಡು ತೆಂಗಿನ ಮರದ ನೆರಳು ಇರುವ, ದಂಡೆಯಿಂದ ಸ್ವಲ್ಪ ಒಳಗಿನ ಮನೆ ನೋಡಿ. ಕಣ್ಣೂರಿನ ತೋಟಡ ಕಡೆ, ಮಲ್ಪೆಯಿಂದ ತುಸು ದೂರದ ಪಡುಕೆರೆ ಕಡೆ ಅಂಥ ಮನೆಗಳು ಸಿಗುತ್ತವೆ. ಕೋಣೆಯನ್ನು ಮಧ್ಯಾಹ್ನ ಎರಡರಿಂದ ಮೂರರ ನಡುವೆ ನೋಡಬೇಕು, ಆಗಲೇ ಅದರ ನಿಜ ಗೊತ್ತಾಗುವುದು.

ಚೀಟಿ ವರ್ಷವರ್ಷವೂ ಬದಲಾಗುತ್ತದೆ. ಹೋದವರು ಫೋನ್ ಮಾಡಿ ಹೇಳುತ್ತಾರೆ, ಅಡುಗೆಯವರು ಬದಲಾದರು ಎಂದು ತಿಳಿದರೆ ನಾನು ಮತ್ತೆ ಉಂಡು ಬರುವ ತನಕ ಆ ಹೆಸರು ಇರುವುದಿಲ್ಲ.

ಜೂನ್, ಜುಲೈಯಲ್ಲೇ ಹೋಗುತ್ತೇವೆ ಎನ್ನುವವರನ್ನು ನಾನು ತಡೆಯುವುದಿಲ್ಲ. ಆ ಚೀಟಿಯಲ್ಲಿ ದೊಡ್ಡ ಮೀನು ಇರುವುದಿಲ್ಲ. ನಾಡದೋಣಿಗೆ ವಿನಾಯಿತಿ ಇರುವುದರಿಂದ ಅವರು ತಂದಷ್ಟು ಮಾತ್ರ ತಾಜಾ, ಉಳಿದದ್ದು ಐಸಿನದ್ದು. ಬದಲಿಗೆ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ಒಣ ಸಿಗಡಿ ಚಟ್ನಿ ಜೊತೆ ಗಂಜಿ, ಕೋರಿ ರೊಟ್ಟಿ. ನಾವು ಮಳೆಗಾಲದ ಕಕ್ಕಡ ಮಾಸದಲ್ಲಿ ಬೈಂಬಳೆ, ಅಂದರೆ ಅದೇ ಕಣಿಲೆ, ತಿನ್ನುವ ಹೊತ್ತಿಗೆ ಅವರೂ ಆಟಿ ತಿಂಗಳ ಊಟ ಉಣ್ಣುತ್ತಿರುತ್ತಾರೆ. ಸೇಂಟ್ ಮೇರೀಸ್ ದ್ವೀಪದ ದೋಣಿ ಆಗ ಇರುವುದಿಲ್ಲ, ನೀರಿಗೆ ಇಳಿಯುವ ಮಾತೇ ಬೇಡ. 2018ರ ಜೂನ್‌ನಲ್ಲಿ ಮಾಕುಟ್ಟ, ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಸಂಪಾಜೆ ದಾರಿ ಕುಸಿದದ್ದನ್ನು ಕಂಡವರು ನಾವು. ಜೋರು ಮಳೆಯಿದ್ದರೆ ಘಟ್ಟ ಬಿಟ್ಟಿದ್ದಾರಾ ಎಂದು ಬೆಳಿಗ್ಗೆ ವಿಚಾರಿಸಿಯೇ ಗಾಡಿ ತೆಗೆಯಿರಿ, ಸಂಜೆ ನಾಲ್ಕರ ಮೇಲೆ ಇಳಿಯಲು ಹೊರಡಬೇಡಿ. ದಾರಿ ಮುಚ್ಚಿದ್ದರೆ ಇನ್ನೊಂದು ರಾತ್ರಿ ನಮ್ಮಲ್ಲೇ ಇರಿ, ಊಟ ಇದೆ.