ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದ ಕಂಪ್ಯೂಟರ್: ಹದಿನೆಂಟು ದಿನದ ಲೆಕ್ಕ

ಏಪ್ರಿಲ್ ಬಂತೆಂದರೆ ನನಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ತೀರ್ಥಹಳ್ಳಿ ತಾಲೂಕಿನ ನಮ್ಮ ತೋಟದ ಮನೆಯಲ್ಲೇ ಕೂತು ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ, ಉಪನಯನ, ಗೃಹಪ್ರವೇಶ ಎಲ್ಲದರ ಕರೆಯೋಲೆಗಳೂ ಆ ಒಂದೂವರೆ ತಿಂಗಳಲ್ಲೇ ಬಂದು ಬೀಳುತ್ತವೆ. ಅಂಥ ಹೊತ್ತಿನಲ್ಲೇ ಕಂಪ್ಯೂಟರ್ ಕೈಕೊಡಲು ಶುರುಮಾಡಿತು. ಕೋರೆಲ್‌ಡ್ರಾದಲ್ಲಿ ಅಕ್ಷರ ಜೋಡಿಸುತ್ತಾ ಇದ್ದರೆ ಸ್ಕ್ರೀನ್ ತಟಕ್ಕನೆ ಕಪ್ಪಾಗುತ್ತಿತ್ತು, ಮರುಕ್ಷಣ ಮದರ್‌ಬೋರ್ಡ್ ಕಂಪನಿಯ ಲೋಗೋ ಕಾಣಿಸಿಕೊಳ್ಳುತ್ತಿತ್ತು. ಎಚ್ಚರಿಕೆಯ ಸಂದೇಶವೂ ಇಲ್ಲ, ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಯೂ ಇಲ್ಲ. ಮೊದಲು ದಿನಕ್ಕೆ ಒಂದು ಸಲ ಆಗುತ್ತಿದ್ದದ್ದು ವಾರದೊಳಗೆ ದಿನಕ್ಕೆ ಆರೇಳು ಸಲ ಆಯಿತು.

ಯಂತ್ರದ ಜಾತಕ ಹೀಗಿದೆ: 2017ರಲ್ಲಿ ಅಸೆಂಬಲ್ ಮಾಡಿಸಿದ್ದು, ಏಳನೇ ತಲೆಮಾರಿನ ಕೋರ್ ಐ3, ನಾಲ್ಕು ಜಿಬಿಯ ಎರಡು ರ‍್ಯಾಮ್, ವಿಂಡೋಸ್ 10. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆಲ್ಲ ಕರೆಂಟು ಒದಗಿಸುವ ಪೆಟ್ಟಿಗೆ) ಕ್ಯಾಬಿನೆಟ್ ಜೊತೆಗೇ ಬಂದದ್ದು. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸಲು ಒಂದು 600 ವಿಎ ಯುಪಿಎಸ್.

ಪೇಟೆಯ ಅಂಗಡಿಗೆ ಒಯ್ದಾಗ ಅವರು ಹೇಳಿದ್ದು ಒಂದೇ ಮಾತು: ವಿಂಡೋಸ್ ಹೊಸದಾಗಿ ಹಾಕೋಣ. ಹಾಕಿಸಿದೆ. ಕನ್ನಡ ಟೈಪಿಂಗಿನ ನುಡಿ, ಫಾಂಟುಗಳು, ಪ್ರಿಂಟರ್ ಡ್ರೈವರ್ ಎಲ್ಲವನ್ನೂ ಮತ್ತೆ ಕೂರಿಸಲು ಒಂದು ಇಡೀ ದಿನ ಹೋಯಿತು. ಮರುದಿನ ಬೆಳಿಗ್ಗೆ ಕಾಫಿ ಕುಡಿದು ಬಂದು ಕೂತ ಹತ್ತು ನಿಮಿಷಕ್ಕೆ ಸ್ಕ್ರೀನ್ ಮತ್ತೆ ಕಪ್ಪು. ಆ ದಿನವೇ ಹಳೆಯ ನೂರು ಪುಟದ ನೋಟ್‌ಬುಕ್ ಒಂದನ್ನು ಮೇಜಿನ ಮೇಲಿಟ್ಟೆ. ಪ್ರತಿ ಸಲ ಹೋದಾಗಲೂ ಗಂಟೆ, ನಿಮಿಷ, ಆಗ ಏನು ಮಾಡುತ್ತಿದ್ದೆ, ಹೇಗೆ ಹೋಯಿತು ಎಂದು ಬರೆಯಲು ಶುರುಮಾಡಿದೆ. ಮುಂದೆ ನನ್ನನ್ನು ದಾರಿ ತಪ್ಪದಂತೆ ಕಾಪಾಡಿದ್ದು ಆ ಪುಸ್ತಕ.

ಮೊದಲ ಅನುಮಾನ ಬಿಸಿಲಿನ ಮೇಲೆ. ಪಕ್ಕದ ಮುಚ್ಚಳ ಬಿಚ್ಚಿದರೆ ಪ್ರೊಸೆಸರ್ ಫ್ಯಾನಿನ ಕೆಳಗೆ ಧೂಳು ಕಂಬಳಿ ಹೊದೆಸಿದ ಹಾಗೆ ಕೂತಿತ್ತು. ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು ಬ್ರಷ್‌ನಿಂದ ತೆಗೆದೆ, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಉಷ್ಣತೆ ನೋಡಿದರೆ ಸುಮ್ಮನಿದ್ದಾಗ 44 ಡಿಗ್ರಿ, ಭಾರದ ಕೆಲಸ ಕೊಟ್ಟಾಗ 69. ಈ ಪ್ರೊಸೆಸರ್ ತಾಳುವ ಮಿತಿ 100 ಡಿಗ್ರಿ. ಹಾಗಾಗಿ ಶಾಖದ ಮಾತು ಅಲ್ಲಿಗೇ ಮುಗಿಯಿತು. ಕ್ಯಾಬಿನೆಟ್ಟಿನ ರೀಸೆಟ್ ಬಟನ್ ಒಳಗೆ ಸಿಕ್ಕಿಕೊಂಡರೂ ಹೀಗಾಗುವುದುಂಟು. ಅದರ ಸಣ್ಣ ಎರಡು ತಂತಿಯ ಪಿನ್ನನ್ನು ಮದರ್‌ಬೋರ್ಡಿನಿಂದ ಕಿತ್ತಿಟ್ಟು ಒಂದು ದಿನ ನೋಡಿದೆ. ಅದೂ ಅಲ್ಲ.

ಆಮೇಲೆ ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್‌ಡ್ ಪುಟದೊಳಗೆ, ಸ್ಟಾರ್ಟಪ್ ಅಂಡ್ ರಿಕವರಿಯಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಟಿಕ್ ತೆಗೆದೆ. ವಿಂಡೋಸ್ ತಾನೇ ಕುಸಿದು ಬೀಳುತ್ತಿದ್ದರೆ ಇನ್ನು ಮೇಲೆ ನೀಲಿ ಪರದೆ ಹಾಗೇ ನಿಲ್ಲಬೇಕು. ನಿಲ್ಲಲಿಲ್ಲ. ವಿಂಡೋಸ್ ಬರೆದಿಡುವ ಆಗುಹೋಗುಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿದರೆ ಸಾಲುಸಾಲಾಗಿ ‘ಕರ್ನಲ್-ಪವರ್ 41’. ಇದನ್ನು ಕಂಡವರು ಹೆಚ್ಚಿನವರು ‘41 ಎಂದರೆ ಇಂಥ ರೋಗ’ ಎಂದುಕೊಳ್ಳುತ್ತಾರೆ. ನಿಜದಲ್ಲಿ ಆ ಸಂಖ್ಯೆ ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ. ನೋಡಬೇಕಾದದ್ದು ಡೀಟೇಲ್ಸ್ ಪುಟದಲ್ಲಿರುವ, ಕುಸಿತದ ಕಾರಣ ಹೇಳುವ ಸಂಖ್ಯೆಯಾದ ಬಗ್‌ಚೆಕ್‌ಕೋಡ್. ನನ್ನದರಲ್ಲಿ ಪ್ರತಿಸಲವೂ ಅದು ಸೊನ್ನೆ. ಏನಾಯಿತು ಎಂದು ಬರೆದಿಡುವಷ್ಟು ಸಮಯವೂ ವಿಂಡೋಸ್‌ಗೆ ಸಿಕ್ಕಿಲ್ಲ ಎಂದಾಯಿತು. ನನ್ನ ಗಮನ ಸಾಫ್ಟ್‌ವೇರ್‌ನಿಂದ ಹಾರ್ಡ್‌ವೇರ್ ಕಡೆ ಹೊರಳಿದ್ದು ಇಲ್ಲಿ.

ರ‍್ಯಾಮ್ ಎರಡನ್ನೂ ತೆಗೆದು ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಒರೆಸಿ ಹಾಕಿದೆ. ರಾತ್ರಿ ಹತ್ತಕ್ಕೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪೆನ್‌ಡ್ರೈವಿನಿಂದ ಚಾಲೂ ಮಾಡಿ ಮಲಗಿದೆ. ಬೆಳಿಗ್ಗೆ ಏಳಕ್ಕೆ ಎದ್ದು ನೋಡಿದರೆ ತಪ್ಪುಗಳು ಸೊನ್ನೆ. ಖುಷಿಪಟ್ಟು ಆಫ್ ಮಾಡಲು ಕೈ ಚಾಚಿದವನು ಹಾಗೇ ನಿಂತೆ. ಪರೀಕ್ಷೆ ಶುರುವಾಗಿ ಎಷ್ಟು ಹೊತ್ತಾಯಿತು ಎಂದು ಮೂಲೆಯಲ್ಲಿ ತೋರಿಸುತ್ತದಲ್ಲ, ಅಲ್ಲಿ ಇದ್ದದ್ದು 2 ಗಂಟೆ 14 ನಿಮಿಷ. ಒಂಬತ್ತು ಗಂಟೆ ಎಲ್ಲಿ, ಎರಡು ಗಂಟೆ ಎಲ್ಲಿ! ನಡುರಾತ್ರಿ ಎಷ್ಟೋ ಸಲ ರೀಸ್ಟಾರ್ಟ್ ಆಗಿ, ಪೆನ್‌ಡ್ರೈವಿನಿಂದ ಮತ್ತೆ ಬೂಟ್ ಆಗಿ, ಪರೀಕ್ಷೆ ಹೊಸದಾಗಿ ಶುರುವಾಗಿತ್ತು. ಮೆಮ್‌ಟೆಸ್ಟ್ ನಡೆಯುವಾಗ ವಿಂಡೋಸ್ ಇರುವುದೇ ಇಲ್ಲ, ಅಂದರೆ ತಪ್ಪು ಅದರದಲ್ಲ. ವಿಂಡೋಸ್ ಹಾಕಿಸಲು ಕಳೆದ ಆ ದಿನವನ್ನು ನೆನೆದು ಹೊಟ್ಟೆ ಉರಿಯಿತು. ಈ ಪರೀಕ್ಷೆ ಮೊದಲೇ ಮಾಡಿದ್ದರೆ ಅದು ಬೇಕಾಗುತ್ತಲೇ ಇರಲಿಲ್ಲ.

ಉಳಿದದ್ದು ಕರೆಂಟು. ಎಸ್‌ಎಂಪಿಎಸ್‌ನಿಂದ ಹೊರಡುವ ಹಳದಿ ತಂತಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್ ಇರಬೇಕು. ಶೇಕಡಾ ಐದರಷ್ಟು ಆಚೀಚೆ ನಡೆಯುತ್ತದೆ, ಅಂದರೆ ಹಳದಿಯಲ್ಲಿ 11.4ರಿಂದ 12.6ರ ತನಕ. ಬಳಸದೆ ನೇತಾಡುತ್ತಿದ್ದ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಜಾಗ್ರತೆಯಾಗಿ ತೂರಿಸಿ, ನಲವತ್ತು ಪುಟದ ಒಂದು ಪಿಡಿಎಫ್ ಎಕ್ಸ್‌ಪೋರ್ಟ್ ಮಾಡಲು ಕೊಟ್ಟೆ. ಸುಮ್ಮನಿದ್ದಾಗ 11.78 ಇತ್ತು. ಕೆಲಸ ಶುರುವಾದದ್ದೇ 11.52, ಆಮೇಲೆ 11.36, 11.29... ಸ್ಕ್ರೀನ್ ಕಪ್ಪಾಯಿತು.

ಆರಿಹೋಗದೆ ರೀಸ್ಟಾರ್ಟೇ ಯಾಕೆ ಆಗುತ್ತಿತ್ತು ಎಂಬುದಕ್ಕೂ ಉತ್ತರ ಅಲ್ಲೇ ಇದೆ. ಎಸ್‌ಎಂಪಿಎಸ್ ಒಂದು ಬೂದು ತಂತಿಯ ಮೂಲಕ ‘ಪವರ್ ಸರಿಯಿದೆ’ ಎಂಬ ಸಂಕೇತವನ್ನು ಬೋರ್ಡಿಗೆ ಕಳಿಸುತ್ತಲೇ ಇರುತ್ತದೆ. ವೋಲ್ಟೇಜ್ ಕುಸಿದಾಗ ಆ ಸಂಕೇತ ನಿಲ್ಲುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ. ಭಾರ ಇಳಿದ ಕೂಡಲೇ ವೋಲ್ಟೇಜ್ ಏರುತ್ತದೆ, ಯಂತ್ರ ಮತ್ತೆ ಎದ್ದು ಕೂರುತ್ತದೆ.

ಪ್ಲಗ್ ಕಿತ್ತು, ಎಸ್‌ಎಂಪಿಎಸ್ ಹೊರಗೆ ತೆಗೆದು ಹಿಂದಿನ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ತಂತಿಗಳು ಹೊರಡುವ ಕಡೆಯಿದ್ದ ಎರಡು ಕೆಪಾಸಿಟರ್‌ಗಳ ತಲೆ ಉಬ್ಬಿತ್ತು, ಒಂದರ ಬುಡದಲ್ಲಿ ಬೆಲ್ಲದ ಪಾಕದಂತೆ ಕಂದು ಬಣ್ಣದ್ದೇನೋ ಒಣಗಿ ನಿಂತಿತ್ತು. ದಯವಿಟ್ಟು ಯಾರೂ ಅದನ್ನು ಬಿಚ್ಚಲು ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲಿನ ಚಾರ್ಜ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದುಕೊಂಡಿರಬಹುದು. ಜಾಲರಿಯಿಂದ ಕಂಡಷ್ಟೇ ಸಾಕು.

ಹೊಸದು ಕೊಳ್ಳುವ ಮುಂಚೆ ಭಾವನ ಮನೆಯ ಕಂಪ್ಯೂಟರಿನದನ್ನು ಎರಡು ದಿನಕ್ಕೆ ಕೇಳಿ ತಂದು ಹಾಕಿದೆ. ಅದೇ ಪಿಡಿಎಫ್, ಅದೇ ಮಲ್ಟಿಮೀಟರ್: 12.08ರಿಂದ 12.02. ಪುಟಗಳೆಲ್ಲ ಸರಾಗವಾಗಿ ಹೊರಬಂದವು. ಸುಮಾರು ಮೂರು ಸಾವಿರ ಕೊಟ್ಟು 450 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ತಂದು ಕೂರಿಸಿದೆ.

ಮೂರನೇ ದಿನ ಬೆಳಿಗ್ಗೆ ಮತ್ತೆ ಹೋಯಿತು.

ಆ ಕ್ಷಣ ಅನಿಸಿದ್ದು, ಮೂರು ಸಾವಿರ ನೀರಿಗೆ ಹಾಕಿದೆ, ರೋಗ ಬೇರೆಯೇ ಇದೆ ಎಂದು. ಮದರ್‌ಬೋರ್ಡೇ ಹಾಳಾಗಿರಬೇಕು ಅಂತ ಕ್ಯಾಬಿನೆಟ್ ಎತ್ತಿಕೊಂಡು ಪೇಟೆಗೆ ಹೊರಡುವವನಿದ್ದೆ. ನೋಟ್‌ಬುಕ್ ತೆರೆದದ್ದರಿಂದ ಉಳಿದೆ. ದಿನಕ್ಕೆ ಆರೇಳು ಸಲ ಆಗುತ್ತಿದ್ದದ್ದು ಈಗ ಮೂರು ದಿನಕ್ಕೆ ಎರಡು ಸಲ. ಎರಡೂ ಬೆಳಿಗ್ಗೆ ಏಳೂವರೆಯ ಆಸುಪಾಸು. ಹಿಂದಿನ ಪುಟಗಳನ್ನು ತಿರುಗಿಸಿದರೆ ಅಲ್ಲಿಯೂ ಆ ಹೊತ್ತಿನವು ಬೇರೆ ಥರದವೇ ಆಗಿದ್ದವು. ಉಳಿದ ಸಲ ‘ಕಪ್ಪಾಯಿತು, ತಕ್ಷಣ ಲೋಗೋ’ ಎಂದು ಬರೆದಿದ್ದರೆ, ಬೆಳಗಿನದಕ್ಕೆ ‘ಯುಪಿಎಸ್ ಟಕ್ ಅಂತು, ಫ್ಯಾನ್ ಪೂರ್ತಿ ನಿಂತು ಆಮೇಲೆ ಶುರು’ ಎಂದು ನಾನೇ ಬರೆದಿಟ್ಟಿದ್ದೆ. ಬರೆದಿದ್ದೆ, ಓದಿರಲಿಲ್ಲ. ರೋಗ ಒಂದಲ್ಲ, ಎರಡು ಒಟ್ಟಿಗೇ ಇದ್ದವು. ಒಂದನ್ನು ವಾಸಿಮಾಡಿದರೂ ಇನ್ನೊಂದು ಉಳಿದದ್ದರಿಂದ ಮದ್ದೇ ತಪ್ಪು ಎಂದು ಕಾಣುತ್ತಿತ್ತು.

ಏಳೂವರೆಗೆ ಏನಾಗುತ್ತದೆ ಎಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತ ಅಮ್ಮ, “ಅಲ್ವೋ, ಬಾವಿ ಪಂಪ್ ಹಾಕಿದಾಗೆಲ್ಲ ಲೈಟು ಮಂಕಾಗುತ್ತಲ್ಲ, ಆಗಲೇ ಅಲ್ವಾ ನಿಂದೂ ಹೋಗೋದು?” ಅಂದರು. ನಮ್ಮ ಮನೆ ಲೈನಿನ ತುದಿಯಲ್ಲಿದೆ. ಬೇಸಿಗೆಯಲ್ಲಿ ಸುತ್ತಲಿನ ತೋಟಗಳ ಮೋಟಾರುಗಳೆಲ್ಲ ಓಡುವಾಗ ವೋಲ್ಟೇಜ್ ಮೊದಲೇ ಇಳಿದಿರುತ್ತದೆ. ಮೋಟಾರು ಶುರುವಾಗುವ ಕ್ಷಣದಲ್ಲಿ ಓಡುವಾಗಿನದರ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆದರೆ ಅದನ್ನು ತಡೆಯಲೆಂದೇ ಯುಪಿಎಸ್ ಇರುವುದಲ್ಲವೇ?

ಯುಪಿಎಸ್‌ಗೆ ಕಂಪ್ಯೂಟರಿನ ಬದಲು 60 ವ್ಯಾಟಿನ ಹಳೆಯ ಬಲ್ಬ್ ಸಿಕ್ಕಿಸಿ ಗೋಡೆಯ ಸ್ವಿಚ್ ಆರಿಸಿದೆ. ಬಲ್ಬ್ ಒಮ್ಮೆ ಮಿಣುಕಿ ಆರಿತು. ಬ್ಯಾಟರಿಗೆ ಮೀಟರ್ ಹಿಡಿದರೆ ಸುಮ್ಮನಿದ್ದಾಗ 12.9 ವೋಲ್ಟ್, ಭಾರ ಬಿದ್ದೊಡನೆ ಒಂಬತ್ತಕ್ಕೂ ಕೆಳಗೆ. ಮೇಲಿಂದ ಗಟ್ಟಿಯಾಗಿ ಕಂಡು ಒಳಗೆ ಗೆದ್ದಲು ತಿಂದ ಮರದಂತೆ. ಸೀಲ್ಡ್ ಬ್ಯಾಟರಿಗಳು ಎರಡು ಮೂರು ವರ್ಷಕ್ಕೇ ಸೊರಗುತ್ತವೆ, ನನ್ನದಕ್ಕೆ ಐದು ಆಗಿತ್ತು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಯುಪಿಎಸ್ ಬಿಟ್ಟು ಕಂಪ್ಯೂಟರನ್ನು ನೇರ ಗೋಡೆಗೆ ಸಿಕ್ಕಿಸಿ, ತಮ್ಮನಿಗೆ ಪಂಪ್ ಹಾಕಿ ತೆಗೆದು ಮಾಡಲು ಹೇಳಿದೆ. ಹತ್ತು ಸಲ ಹಾಕಿದ. ಟ್ಯೂಬ್‌ಲೈಟ್ ಹತ್ತು ಸಲವೂ ಮಂಕಾಯಿತು, ಕಂಪ್ಯೂಟರ್ ಅಲುಗಲಿಲ್ಲ. ಒಳ್ಳೆಯ ಎಸ್‌ಎಂಪಿಎಸ್ ಅಷ್ಟು ಕುಸಿತವನ್ನು ತಾನೇ ನುಂಗಿಕೊಳ್ಳುತ್ತದೆ. ಸತ್ತ ಬ್ಯಾಟರಿಯ ಯುಪಿಎಸ್ ಮಾತ್ರ ವೋಲ್ಟೇಜ್ ಇಳಿದದ್ದು ಕಂಡು ಹೊಣೆಯನ್ನೆಲ್ಲ ಬ್ಯಾಟರಿಯ ಮೇಲೆ ಹಾಕುತ್ತಿತ್ತು, ಬ್ಯಾಟರಿ ಅಲ್ಲೇ ಕುಸಿಯುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಪೇಟೆಯಿಂದ 12 ವೋಲ್ಟ್ 7 ಎಎಚ್‌ನ ಹೊಸ ಬ್ಯಾಟರಿ ತಂದು, ಹಾಕಿದ ತಾರೀಕನ್ನು ಅದರ ಮೈಮೇಲೆ ಮಾರ್ಕರಿನಿಂದ ಬರೆದು ಕೂರಿಸಿದೆ. ಒಂದು ರಾತ್ರಿ ಪೂರ್ತಿ ಚಾರ್ಜ್ ಆಗಲು ಬಿಟ್ಟು ಮತ್ತೆ ಬಲ್ಬ್ ಸಿಕ್ಕಿಸಿ ನೋಡಿದೆ: ಇಪ್ಪತ್ತು ನಿಮಿಷವಾದರೂ ಉರಿಯುತ್ತಲೇ ಇತ್ತು. ಮರುದಿನ ಏಳೂವರೆಗೆ ಕೋರೆಲ್‌ಡ್ರಾ ತೆರೆದು ಕೂತು, “ಅಮ್ಮಾ, ಪಂಪ್ ಹಾಕು” ಎಂದು ಕೂಗಿದೆ. ಲೈಟು ಮಂಕಾಯಿತು, ಯುಪಿಎಸ್ ಟಕ್ ಅಂದಿತು, ಅರ್ಧ ಜೋಡಿಸಿದ್ದ ಕರೆಯೋಲೆ ಸ್ಕ್ರೀನಿನ ಮೇಲೆ ಹಾಗೇ ಇತ್ತು. ನೋಟ್‌ಬುಕ್ಕಿನಲ್ಲಿ ಹದಿನೆಂಟನೇ ದಿನದ ಎದುರು ‘7:34, ಪಂಪ್, ಹೋಗಲಿಲ್ಲ’ ಎಂದು ಬರೆದೆ.