ಹೊಳೆಗೆ ದೊಡ್ಡ ಫೆರಿ ಬರಲಿದೆಯೇ? ಆಕ್ಷೇಪಣೆ ಬರೆಯುವ ಮೊದಲು ನೀರನ್ನು ಅಳೆಯಿರಿ

ಹೊಸ ಜೆಟ್ಟಿ, ದೊಡ್ಡ ಬೋಟು ಎಂಬ ಸುದ್ದಿ ಹೊಳೆದಂಡೆಯ ಊರಿಗೆ ಬಂದ ಕೂಡಲೇ ಎಲ್ಲೆಡೆ ನಡೆಯುವುದು ಒಂದೇ ಕೆಲಸ: ಮನವಿ ಪತ್ರ, ನೂರಾರು ಸಹಿ, ಜಿಲ್ಲಾಧಿಕಾರಿ ಕಚೇರಿಯ ಎದುರು ಒಂದು ಫೋಟೊ. ‘ನಮ್ಮ ಹೊಳೆ ಹಾಳಾಗುತ್ತದೆ, ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯಬೇಡಿ’ ಎಂದು ಮನವಿಯಲ್ಲಿ ಬರೆದಿರುತ್ತಾರೆ. ಮಾತು ನಿಜ. ಆದರೆ ಅದರಲ್ಲಿ ಅಧಿಕಾರಿ ಉತ್ತರಿಸಲೇಬೇಕಾದ ಒಂದು ಅಂಕಿಯೂ ಇರುವುದಿಲ್ಲ. ‘ಪರಿಶೀಲಿಸಲಾಗುವುದು’ ಎಂಬ ಷರಾ ಬಿದ್ದು ಪತ್ರ ಕಡತ ಸೇರುತ್ತದೆ. ಅತ್ತ ಹೂಳೆತ್ತುವ ಡ್ರೆಜ್ಜರ್ ಹೊಳೆಗೆ ಇಳಿದಿರುತ್ತದೆ. ಕಳಕಳಿ ಇದ್ದೂ ಕೆಲಸ ಕೆಡುವುದನ್ನು ಮತ್ತೆ ಮತ್ತೆ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಇದು ದೂರದ ಮಾತಲ್ಲ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ಒಟ್ಟು 111 ಜಲಮಾರ್ಗಗಳನ್ನು ಘೋಷಿಸಿತು. ನೇತ್ರಾವತಿ, ಗುರುಪುರ, ಉದ್ಯಾವರ, ಪಂಚಗಂಗಾವಳಿ, ಶರಾವತಿ, ಕಾಳಿ ಎಲ್ಲವೂ ಅದರಲ್ಲಿವೆ. ಮಂಗಳೂರಿಗೆ ವಾಟರ್ ಮೆಟ್ರೊ ತರುವ ಮಾತನ್ನು ರಾಜ್ಯ ಸರ್ಕಾರ 2024ರ ಬಜೆಟ್‌ನಲ್ಲೇ ಆಡಿತು. ಅದಕ್ಕೆ ಮಾದರಿಯಾದ ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಿಂದ ನೂರು ಜನರ ಬೋಟುಗಳು ಓಡುತ್ತಿವೆ. ಆದರೆ ಕೊಚ್ಚಿಯದು ವಿಶಾಲವಾದ ಹಿನ್ನೀರು. ನಮ್ಮ ಕರಾವಳಿಯ ಹೊಳೆಗಳು ಕಡಲು ಸೇರುವ ಅಳಿವೆಯ ಹತ್ತಿರ ಅಗಲವಾಗಿ ಕಂಡರೂ ಎರಡು ತಿರುವು ಮೇಲೆ ಹೋದರೆ ಕಿರಿದಾಗುತ್ತವೆ, ಇಳಿತದ ಹೊತ್ತಿಗೆ ಮರಳು ದಿಬ್ಬಗಳು ತಲೆ ಎತ್ತುತ್ತವೆ. ಕುದ್ರುವಿನ, ಅಂದರೆ ಹೊಳೆಯ ನಡುವಿನ ದ್ವೀಪದ, ಜನರಿಗೆ ಒಳ್ಳೆಯ ದೋಣಿ ಸೌಕರ್ಯ ಬೇಕು, ಅದರಲ್ಲಿ ಎರಡು ಮಾತಿಲ್ಲ. ಯಾವ ಗಾತ್ರದ ಬೋಟು, ಯಾವ ವೇಗದಲ್ಲಿ, ಯಾವ ಜಾಗದಲ್ಲಿ ಎಂಬುದೇ ಜಗಳ. ಆಕ್ಷೇಪಣೆಯೂ ಅದರ ಮೇಲೆಯೇ ನಿಲ್ಲಬೇಕು.

1. ಅನುಮತಿ ಯಾರದು ಎಂದು ತಿಳಿಯಿರಿ

ಬೋಟು ದೊಡ್ಡದಾಯಿತು ಎಂಬ ಒಂದೇ ಕಾರಣಕ್ಕೆ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ ಎಂದು ಕಾಯುತ್ತಾ ಕೂರಬೇಡಿ. ಬೋಟಿನ ನೋಂದಣಿ, ತಪಾಸಣೆ 2021ರ ಒಳನಾಡು ಹಡಗು ಕಾಯ್ದೆಯ ಕೆಳಗೆ ಆಗುತ್ತದೆ. ಅಲ್ಲಿ ಊರಿನವರನ್ನು ಕೇಳುವುದಿಲ್ಲ. ನಿಮಗೆ ಬಾಗಿಲು ತೆರೆಯುವುದು ಜೆಟ್ಟಿ ಮತ್ತು ಹೂಳೆತ್ತುವಿಕೆಯ ವಿಷಯದಲ್ಲಿ. ಉಬ್ಬರದ ನೀರು ಬರುವ ಹೊಳೆಯಾದರೆ 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ ಅನ್ವಯಿಸುತ್ತದೆ, ಕಡತ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಮುಂದೆ ಬರುತ್ತದೆ. ಮನವಿಯ ಪ್ರತಿ ಅಲ್ಲಿಗೂ ಹೋಗಲಿ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ನೂರು ಸಹಿಗಿಂತ ಅದಕ್ಕೆ ತೂಕ ಹೆಚ್ಚು.

2. ಮಾಹಿತಿ ಹಕ್ಕಿನಲ್ಲಿ ಕೇಳಿ

ಹತ್ತು ರೂಪಾಯಿ ಶುಲ್ಕ, 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ಊರಿನ ಇತಿಹಾಸವನ್ನೆಲ್ಲ ಬರೆದು ಅರ್ಜಿ ತಿರಸ್ಕೃತವಾದದ್ದನ್ನು ಕಂಡಿದ್ದೇನೆ. ಹೀಗೆ ಕೇಳಿ: ಬೋಟಿನ ಉದ್ದ, ಅಗಲ, ಜನ ತುಂಬಿದಾಗ ಅದು ನೀರಿನೊಳಗೆ ಮುಳುಗುವ ಆಳ, ಅಂದರೆ ಡ್ರಾಫ್ಟ್, ಓಡುವ ವೇಗ, ದಿನದ ಟ್ರಿಪ್‌ಗಳು, ಎತ್ತುವ ಹೂಳಿನ ಪ್ರಮಾಣ ಮತ್ತು ಅದನ್ನು ಸುರಿಯುವ ಜಾಗ, ಹೊಳೆಯ ಆಳದ ಸರ್ವೆ ನಕ್ಷೆ, ಸರ್ವೆ ಮಾಡಿದ ದಿನಾಂಕ ಸಹಿತ. ಕೊನೆಯದನ್ನು ಮಾತ್ರ ಮರೆಯಬಾರದು. ಮಳೆಗಾಲ ಮುಗಿಯುತ್ತಿದ್ದಂತೆ ತೆಗೆದ ಆಳವನ್ನು ವರ್ಷವಿಡೀ ಇರುವ ಆಳವೆಂಬಂತೆ ಮುಂದಿಟ್ಟರೆ ದಿನಾಂಕವೇ ಅದನ್ನು ಬಯಲು ಮಾಡುತ್ತದೆ.

3. ಇಳಿತದ ಆಳವನ್ನು ನೀವೇ ಅಳೆಯಿರಿ

ಎಲ್ಲರೂ ಎಡವುವುದು ಇಲ್ಲಿ. ಬಿಡುವಾದ ಭಾನುವಾರ ದೋಣಿ ಇಳಿಸಿ, ಕಲ್ಲು ಕಟ್ಟಿದ ಹಗ್ಗ ಬಿಟ್ಟು, ‘ಏಳು ಅಡಿ’ ಎಂದು ಬರೆದುಕೊಂಡು ಬರುತ್ತಾರೆ. ಆ ಏಳು ಅಡಿ ಉಬ್ಬರದ್ದೋ ಇಳಿತದ್ದೋ ಗೊತ್ತಿಲ್ಲ. ಎಲ್ಲಿ ಎಂಬುದೂ ಗೊತ್ತಿಲ್ಲ. ಇಲಾಖೆಯ ಎಂಜಿನಿಯರ್ ಒಂದೇ ಪ್ರಶ್ನೆ ಕೇಳಿದರೆ ಸಾಕು, ಇಡೀ ಶ್ರಮ ನೀರುಪಾಲು.

ದಿನ ಆರಿಸುವುದರಿಂದ ಆರಂಭಿಸಿ. ಮಾರ್ಚ್‌ನಿಂದ ಮೇ ನಡುವೆ, ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಒಂದೆರಡು ದಿನಗಳಲ್ಲಿ ನೀರು ಅತಿ ಹೆಚ್ಚು ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಇಳಿತ, ಎರಡೂ ಸಮನಲ್ಲ. ಹೆಚ್ಚು ಇಳಿಯುವುದನ್ನೇ ಹಿಡಿಯಿರಿ. ಬಂದರಿನ ಉಬ್ಬರ–ಇಳಿತದ ಪಟ್ಟಿ ಸಿಗುತ್ತದೆ, ಆದರೆ ಅದರ ಸಮಯವನ್ನು ಹಾಗೆಯೇ ನಂಬಬೇಡಿ. ಅಳಿವೆಯಿಂದ ಮೇಲಕ್ಕೆ ಹೋದಷ್ಟೂ ಇಳಿತ ತಡವಾಗಿ ಬರುತ್ತದೆ. ನಿಮ್ಮ ಕಡವಿನಲ್ಲಿ, ಅಂದರೆ ದೋಣಿ ದಾಟುವ ಜಾಗದಲ್ಲಿ, ಎಷ್ಟು ತಡ ಎಂಬುದು ಮರುವಾಯಿ (ಚಿಪ್ಪುಜೀವಿ) ಹೆಕ್ಕುವ ಹೆಂಗಸರಿಗೆ, ಬೀಸುಬಲೆಯವರಿಗೆ ಬಾಯಿಪಾಠ. ಅವರನ್ನು ಕೇಳಿಯೇ ಹೊರಡಿ.

ಅಳೆಯಲು ಹಗ್ಗ ಬೇಡವೇ ಬೇಡ. ನೈಲಾನ್ ಹಗ್ಗ ಎಳೆದರೆ ಉದ್ದವಾಗಿ ಅಳತೆ ಕೆಡಿಸುತ್ತದೆ; ಸೆಳೆತಕ್ಕೆ ಓರೆಯಾದರೆ ಇರುವುದಕ್ಕಿಂತ ಹೆಚ್ಚು ಆಳ ತೋರಿಸುತ್ತದೆ, ಅಂದರೆ ಎದುರು ಪಕ್ಷಕ್ಕೇ ಸಹಾಯ ಮಾಡುತ್ತದೆ. ನೆಟ್ಟಗಿರುವ ಬಿದಿರಿನ ಗಳವೇ ಸರಿ. ಹತ್ತು ಹತ್ತು ಸೆಂಟಿಮೀಟರಿಗೆ ಆಯಿಲ್ ಪೇಂಟ್‌ನಿಂದ ಗೆರೆ ಎಳೆದು, ಮೀಟರಿನ ಗೆರೆಗಳಿಗೆ ಬೇರೆ ಬಣ್ಣ ಕೊಡಿ. ಗಳದ ಬುಡಕ್ಕೆ ಅಂಗೈ ಅಗಲದ ಮರದ ಬಿಲ್ಲೆಯನ್ನು ಮೊಳೆ ಹೊಡೆದು ಕೂರಿಸಿ. ಅದಿಲ್ಲದಿದ್ದರೆ ಗಳ ಕೆಸರಿನೊಳಗೆ ಹೂತು, ಕೆಸರನ್ನೂ ನೀರೆಂದು ಲೆಕ್ಕ ಹಾಕುತ್ತೀರಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಮೀನು ಹುಡುಕುವ ಸೋನಾರ್‌ಗಳಿಗೆ ದುಡ್ಡು ಸುರಿಯಬೇಡಿ. ನಮಗೆ ಬೇಕಾದದ್ದು ಕಡಿಮೆ ನೀರಿನ ಜಾಗ. ಅವು ತಪ್ಪುವುದೂ ಅಲ್ಲಿಯೇ.

ನೀವು ಅಳೆಯುತ್ತಿರುವಾಗಲೂ ನೀರಿನ ಮಟ್ಟ ಬದಲಾಗುತ್ತಿರುತ್ತದೆ. ಅದಕ್ಕೆ ದಂಡೆಯ ಹಳೆಯ ಕಟ್ಟೆಗೋ ಜೆಟ್ಟಿಯ ಕಂಬಕ್ಕೋ ಒಂದು ಅಳತೆಪಟ್ಟಿ ಕಟ್ಟಿ, ಅದರ ಬಳಿ ಒಬ್ಬರನ್ನು ನಿಲ್ಲಿಸಿ. ಪ್ರತಿ ಹತ್ತು ನಿಮಿಷಕ್ಕೆ ನೀರಿನ ಮಟ್ಟ ಮತ್ತು ಗಡಿಯಾರದ ಸಮಯ ಬರೆಯುವುದಷ್ಟೇ ಅವರ ಕೆಲಸ. ದೋಣಿಯಲ್ಲಿ ಮೂವರು: ಹುಟ್ಟು ಹಾಕುವವರು, ಗಳ ಹಿಡಿಯುವವರು, ಬರೆಯುವವರು. ಈ ದಂಡೆಯಿಂದ ಆ ದಂಡೆಗೆ ಅಡ್ಡಗೆರೆಯಲ್ಲಿ ಸಾಗುತ್ತಾ ಐದೈದು ಮೀಟರಿಗೆ ಒಂದು ಅಳತೆ ತೆಗೆಯಿರಿ. ಗಳ ನೆಟ್ಟಗೆ ನಿಂತಾಗ ಮಾತ್ರ ಓದಿ. ಪ್ರತಿ ಅಳತೆಯ ಮುಂದೆ ಸಮಯ, ಮೊಬೈಲ್ ತೋರಿಸುವ ಅಕ್ಷಾಂಶ–ರೇಖಾಂಶ, ತಳದಲ್ಲಿ ಸಿಕ್ಕಿದ್ದು ಮರಳೋ ಕೆಸರೋ ಚಿಪ್ಪೋ, ಇವಿಷ್ಟು ಇರಲಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಶಾಯಿ ಒದ್ದೆಯಾಗಿ ಹರಡುತ್ತದೆ. ಪ್ರತಿ ಪುಟಕ್ಕೂ ದೋಣಿಯಲ್ಲಿದ್ದ ಮೂವರ ಸಹಿ ಹಾಕಿಸಿ.

ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿ, ಅದೇ ಪ್ರತಿಯನ್ನು ಸಾಕ್ಷಿಯಾಗಿ ಕೊಡುವವರಿದ್ದಾರೆ. ಹಾಗೆ ಕಳಿಸಿದ ಚಿತ್ರದಲ್ಲಿ ತೆಗೆದ ಜಾಗದ ಮಾಹಿತಿ ಅಳಿಸಿಹೋಗಿರುತ್ತದೆ. ಮೂಲ ಫೈಲುಗಳನ್ನೇ ಪೆನ್‌ಡ್ರೈವ್‌ನಲ್ಲಿ ಇಡಿ.

4. ಅಲೆಯ ಲೆಕ್ಕ ಹಾಕಿ

ಆಳ ಕೈಯಲ್ಲಿದ್ದರೆ ವೇಗದ ಮೇಲೆ ಪ್ರಶ್ನೆ ಎತ್ತಬಹುದು. ಆಳವಿಲ್ಲದ ನೀರಿನಲ್ಲಿ ಅಲೆ ಓಡುವುದಕ್ಕೆ ಒಂದು ಮಿತಿ ಇದೆ: ಎರಡು ಮೀಟರ್ ನೀರಿನಲ್ಲಿ ಗಂಟೆಗೆ ಸುಮಾರು 16 ಕಿ.ಮೀ., ಒಂದೂವರೆ ಮೀಟರಿನಲ್ಲಿ ಸುಮಾರು 14, ಒಂದು ಮೀಟರಿನಲ್ಲಿ 11. ಬೋಟಿನ ವೇಗ ಈ ಮಿತಿಯ ಹತ್ತಿರ ಬಂದಂತೆ ಅದು ಎಬ್ಬಿಸುವ ಅಲೆ ಬೆಳೆಯುತ್ತದೆ, ಬೋಟಿನ ತಳವೂ ಇನ್ನಷ್ಟು ಕೆಳಗೆ ಕೂರುತ್ತದೆ. ಅಲೆಯ ಎತ್ತರ ಎರಡು ಪಟ್ಟಾದರೆ ದಂಡೆಗೆ ಬೀಳುವ ಶಕ್ತಿ ನಾಲ್ಕು ಪಟ್ಟು. ತೆಂಗಿನ ಬುಡದ ಮಣ್ಣು ಕುಸಿಯುವುದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ಬಯಲಾಗುವುದು, ಕಿರುದೋಣಿ ಮಗುಚುವುದು ಎಲ್ಲಕ್ಕೂ ಮೂಲ ಇಲ್ಲಿದೆ. ಜೋಡಿ ಹೊಟ್ಟೆಯ ಕ್ಯಾಟಮರಾನ್ ಬೋಟು ಕಡಿಮೆ ಅಲೆ ಎಬ್ಬಿಸುತ್ತದೆ ಎನ್ನುತ್ತಾರೆ, ಕೊಚ್ಚಿಯವು ಅದೇ ಬಗೆಯವು. ಒಪ್ಪೋಣ, ಆದರೆ ನಮ್ಮ ಹೊಳೆಯ ಆಳದಲ್ಲಿ ಎಷ್ಟು ಕಡಿಮೆ ಎಂದು ಲಿಖಿತವಾಗಿ ಕೇಳಿ.

ದಂಡೆಯ ಈಗಿನ ಸ್ಥಿತಿಯನ್ನು ದಾಖಲಿಸಲು ದಂಡೆಯ ಕಡಿದಾದ ಮಣ್ಣಿನ ಬದಿಯೊಳಗೆ ಅಡ್ಡಲಾಗಿ ಕಬ್ಬಿಣದ ಸರಳು ಹೊಡೆದು, ಹೊರಗೆ ಎಷ್ಟು ಉಳಿದಿದೆ ಎಂದು ತಿಂಗಳಿಗೊಮ್ಮೆ ಬರೆದಿಡಿ. ಈ ಕೆಲಸ ಫೆರಿ ಬರುವ ಮೊದಲೇ ಆಗಬೇಕು. ಬಂದ ಮೇಲೆ ಅಳೆದರೆ ‘ಕೊರೆತ ಹಿಂದಿನಿಂದಲೂ ಇತ್ತು’ ಎನ್ನುತ್ತಾರೆ, ಇರಲಿಲ್ಲವೆಂದು ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ.

5. ಆಕ್ಷೇಪಣೆ ಬರೆಯಿರಿ

ಒಂದು ಪ್ಯಾರಾಕ್ಕೆ ಒಂದು ಜಾಗ, ಒಂದು ಅಂಕಿ, ಒಂದು ಬೇಡಿಕೆ. ‘ಇಂಥ ದಿನ ಇಂಥ ಸಮಯದ ಇಳಿತದಲ್ಲಿ ಕಡವಿನಿಂದ ಕುದ್ರುವಿನ ತೆಂಕು ತುದಿಯವರೆಗೆ ಆಳ ಇಷ್ಟು, ಬೋಟಿನ ಡ್ರಾಫ್ಟ್ ಇಷ್ಟು, ಇಲ್ಲಿ ಮರುವಾಯಿ ಹಾಸು ಇದೆ, ಇಷ್ಟು ಮನೆಗಳು ಅದನ್ನು ನಂಬಿವೆ, ಹೂಳೆತ್ತದೆ ಬೋಟು ಹೇಗೆ ಸಾಗುತ್ತದೆ ತಿಳಿಸಿ.’ ಊರಿನವರು ದಿಬ್ಬಕ್ಕೆ, ಗುಂಡಿಗೆ ಇಟ್ಟ ಹೆಸರುಗಳನ್ನು ಬಿಡದೆ ಬರೆಯಿರಿ. ಸರ್ವೆ ನಕ್ಷೆಯಲ್ಲಿ ಅವು ಇರುವುದಿಲ್ಲ. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ಕೂಡ ಬೇಸಿಗೆಯ ಕೊನೆಯಲ್ಲಿ ನೀರಿಳಿದು ವಾಹನ ಸಾಗಿಸುವುದನ್ನು ನಿಲ್ಲಿಸಬೇಕಾದದ್ದು ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ಹಿನ್ನೀರಿನಲ್ಲೇ ಹಾಗಾದರೆ ಸಣ್ಣ ಹೊಳೆಯಲ್ಲಿ ವರ್ಷದ ಎಷ್ಟು ದಿನ ಸೇವೆ ಸಿಗುತ್ತದೆ ಎಂದು ಕೇಳುವ ಹಕ್ಕು ನಮಗಿದೆ.

ಬರೀ ‘ಬೇಡ’ ಎಂದು ಮುಗಿಸಬೇಡಿ. ದಂಡೆಯ ಹತ್ತಿರ ವೇಗಮಿತಿ, ಕಡು ಇಳಿತದಲ್ಲಿ ಸಂಚಾರ ನಿಲುಗಡೆ, ಬಲೆ ಹಾಕುವ ಹೊತ್ತಿನಲ್ಲಿ ಬಿಡುವು, ಈಗಿರುವ ಕಡವಿನ ದೋಣಿಯವರಿಗೆ ಕೆಲಸ, ಇವುಗಳನ್ನು ಷರತ್ತಾಗಿ ಕೇಳಿ. ಒಂದು ನೂರು ಜನರ ಬೋಟಿನ ಬದಲು ಇಪ್ಪತ್ತೈದು ಜನರ ನಾಲ್ಕು ಬೋಟುಗಳು ಸಣ್ಣ ಹೊಳೆಗೆ ಖಂಡಿತ ಮೇಲು. ಹೂಳೆತ್ತುವುದು ಕಡಿಮೆ, ಕಾಯುವುದೂ ಕಡಿಮೆ.

6. ಸಭೆ ನಡೆದರೆ ಕೊನೆಯವರೆಗೆ ಕೂತಿರಿ

2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಅಹವಾಲು ಸಭೆ ಕರೆದರೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಭಾಷಣ ಎರಡು ನಿಮಿಷ ಸಾಕು. ಲಿಖಿತ ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಮ್ಮವರು ಮಾತನಾಡಿ, ಘೋಷಣೆ ಕೂಗಿ, ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು, ಅದೇ ದಿನ ಸಹಿಯಾಗಬೇಕು ಎಂಬುದು ನಿಯಮ. ಓದುವಾಗ ನಿಮ್ಮ ಅಂಕಿ ಬಿಟ್ಟುಹೋಗಿದ್ದರೆ ಸೇರಿಸಿ ಎಂದು ಅಲ್ಲೇ ಎದ್ದು ಹೇಳಿ. ಇಡೀ ಸಭೆಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಮರುದಿನವೇ ಅದರ ಪ್ರತಿಗೆ ಇನ್ನೊಂದು ಹತ್ತು ರೂಪಾಯಿಯ ಅರ್ಜಿ ಹಾಕಿ.